ತಕ್ಕಡಿ ಪಕ್ಕದ ಫೋನ್: ಆಂಡ್ರಾಯ್ಡ್, ಐಫೋನ್, ಗ್ರಾಫೀನ್‌ಒಎಸ್ ಮೂರರಲ್ಲೂ ಒಂದೇ ಆ್ಯಪ್

ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾದರೆ ಸಂಜೆ ತೂಕ ಹಾಕುವುದೇ ದೊಡ್ಡ ಕೆಲಸ. ಕುಯ್ದವರು ಚೀಲ ತಂದು ತಕ್ಕಡಿ ಮೇಲೆ ಇಡುತ್ತಾರೆ, ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೂಲಿ ಸಿಗುವುದು ಆ ಕೆಜಿ ಲೆಕ್ಕದ ಮೇಲೆ. ಆ ಅಂಕಿ ತಪ್ಪಬಾರದು, ಆಮೇಲೆ ಯಾರೂ ತಿದ್ದಲೂಬಾರದು. ಅದಕ್ಕೇ ತಕ್ಕಡಿಯಿಂದ ತೂಕ ನೇರವಾಗಿ ಫೋನಿಗೆ ಬರುವ ಒಂದು ಚಿಕ್ಕ ಆ್ಯಪ್ ಬರೆದೆ. ಸಾಮಾನ್ಯ ಆಂಡ್ರಾಯ್ಡ್, ಐಫೋನ್, ಗೂಗಲ್‌ನ ಪಿಕ್ಸೆಲ್ ಫೋನಿಗೆ ಹಾಕಿದ ಗ್ರಾಫೀನ್‌ಒಎಸ್ (ಭದ್ರತೆಗೆ ಒತ್ತು ಕೊಡುವ ಆಂಡ್ರಾಯ್ಡ್ ರೂಪ), ಮೂರರಲ್ಲೂ ನೋಡಿದೆ. ಭದ್ರತೆಗೆಂದು ಫೋನಿನಲ್ಲಿ ಹಾಕಿರುವ ಮಿತಿಗಳ ಬೀಗ ಎಷ್ಟೇ ಗಟ್ಟಿ ಇರಲಿ, ಫೋನ್ ಕೊಂಡವರ ಕೈಯಲ್ಲೂ ಒಂದು ಕೀಲಿ ಇದೆಯಾ? ನಾನು ಅಳೆದದ್ದು ಇದನ್ನೇ.

ಮೊದಲು ತಕ್ಕಡಿ. ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಹಿಂದುಗಡೆ ಸಾಮಾನ್ಯವಾಗಿ ಆರ್‌ಎಸ್-232 ಎಂಬ ಸೀರಿಯಲ್ ಪೋರ್ಟ್ ಇರುತ್ತದೆ, ತೂಕದ ಅಂಕಿ ತಂತಿಯಲ್ಲಿ ಹೊರಬರುವ ಕಿಂಡಿ ಅದು. ಅದಕ್ಕೆ ವೋಲ್ಟೇಜ್ ಹೊಂದಿಸುವ ಒಂದು ಲೆವೆಲ್ ಕನ್ವರ್ಟರ್, ಆಮೇಲೆ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಸೇರಿಸಿದರೆ ತೂಕ ಗಾಳಿಯಲ್ಲಿ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಸುಲಭ: ಜೋಡಿಸಿ, ಸೀರಿಯಲ್ ಸಾಕೆಟ್ ತೆರೆದು, ಬರುವ ಸಾಲುಗಳನ್ನು ಓದಿದರೆ ಆಯಿತು. ಗ್ರಾಫೀನ್‌ಒಎಸ್ ಕೂಡ ಆಂಡ್ರಾಯ್ಡ್‌ನ ತೆರೆದ ಕೋಡ್ ಮೇಲೇ ಕಟ್ಟಿದ್ದು, ಅಲ್ಲೂ ಅದೇ ಎಪಿಕೆ (ಆಂಡ್ರಾಯ್ಡ್ ಆ್ಯಪಿನ ಫೈಲ್) ಹಾಗೇ ಓಡುತ್ತದೆ. ಐಫೋನ್‌ನಲ್ಲಿ ಈ ಹಳೇ ಸೀರಿಯಲ್ ಬ್ಲೂಟೂತ್‌ಗೆ ಆ್ಯಪ್‌ಗಳಿಗೆ ದಾರಿಯೇ ಇಲ್ಲ. ಬೇರೆಯವರ ಸಾಧನಗಳಿಗೆ ಪರವಾನಗಿ ಕೊಡುವ ಆ್ಯಪಲ್‌ನ ಎಂಎಫ್‌ಐ ಕಾರ್ಯಕ್ರಮದಲ್ಲಿ ಒಪ್ಪಿಗೆ ಪಡೆದ ಸಾಧನವೇ ಬೇಕು. ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆ, ಲೋ ಎನರ್ಜಿ ಬ್ಲೂಟೂತ್ ಆದರೆ ಆ ಒಪ್ಪಿಗೆ ಬೇಡ. ಆದರೆ ಎಚ್‌ಸಿ-05 ಆ ಜಾತಿಯದ್ದಲ್ಲ.

ಇಲ್ಲಿ ಆಂಡ್ರಾಯ್ಡ್ ಸುಧಾರಿಸಿದ ರೀತಿಯನ್ನು ಹೇಳಲೇಬೇಕು. ಆವೃತ್ತಿ 6ರಿಂದ 11ರ ತನಕ ಹತ್ತಿರದ ಬ್ಲೂಟೂತ್ ಸಾಧನ ಹುಡುಕಬೇಕಾದರೆ ಲೊಕೇಶನ್ ಪರ್ಮಿಷನ್ ಕೇಳಬೇಕಿತ್ತು. 'ತೂಕ ನೋಡೋಕೆ ನಾನೆಲ್ಲಿದ್ದೀನಿ ಅಂತ ಯಾಕೆ ಬೇಕು?' ಎಂದು ರೈಟರ್ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಅಲ್ವಾ? 2021ರ ಆಂಡ್ರಾಯ್ಡ್ 12ರಿಂದ 'ಹತ್ತಿರದ ಸಾಧನಗಳು' ಅಂತ ಬೇರೆ ಪರ್ಮಿಷನ್ ಬಂತು. ಮಿತಿ ಬಿಗಿಯಾಯಿತು, ನನ್ನ ಕೆಲಸವೂ ಹಗುರಾಯಿತು. ಇಂಥ ಮಿತಿಗಳು ಇನ್ನೂ ಬರಲಿ.

ಇನ್ನು ಆ್ಯಪ್ ಫೋನಿಗೆ ಹಾಕುವುದು. ತೋಟದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಪೆನ್‌ಡ್ರೈವ್‌ನಲ್ಲಿ ಎಪಿಕೆ ಕೊಂಡೊಯ್ದರೆ ಆಂಡ್ರಾಯ್ಡ್ 'ಈ ಮೂಲದಿಂದ ಹಾಕಲು ಬಿಡಲಾ?' ಎಂದು ಕೇಳುತ್ತದೆ, ಹೂಂ ಅಂದರೆ ಹಾಕಿಕೊಳ್ಳುತ್ತದೆ. ಪ್ಲೇ ಸ್ಟೋರ್‌ಗೆ ಹೋಗಬೇಕೆಂದರೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಸೇರಿರಬೇಕು. ಐಫೋನ್‌ಗೆ ಮ್ಯಾಕ್ ಬೇಕು, ಫೋನಿನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ರೀಸ್ಟಾರ್ಟ್ ಮಾಡಬೇಕು. ಉಚಿತ ಖಾತೆಯಿಂದ ಹಾಕಿದ ಆ್ಯಪ್ 7 ದಿನಕ್ಕೆ ತೆರೆಯುವುದು ನಿಲ್ಲುತ್ತದೆ. ವರ್ಷಕ್ಕೆ 99 ಡಾಲರ್ ಕಟ್ಟಿದರೂ, ಪರೀಕ್ಷೆಗೆಂದು ಆ್ಯಪ್ ಹಂಚುವ ಆ್ಯಪಲ್‌ನ ಟೆಸ್ಟ್‌ಫ್ಲೈಟ್‌ನ ಆವೃತ್ತಿಗೆ 90 ದಿನವಷ್ಟೇ ಆಯಸ್ಸು. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಬೇರೆ ಆ್ಯಪ್ ಅಂಗಡಿಗಳಿಗೆ ಐಫೋನ್ ಬಾಗಿಲು ತೆರೆಯಿತು. ಅದು ಅಲ್ಲಿನ ಕಾನೂನಿನ ಒತ್ತಡಕ್ಕೆ. ಸೋಮವಾರಪೇಟೆಗೆ ಅದರಿಂದ ಏನೂ ಸಿಕ್ಕಿಲ್ಲ.

ಹಾಗಂತ ಬಾಗಿಲು ಪೂರ್ತಿ ತೆರೆದಿಡಿ ಅಂತ ನಾನು ಹೇಳಲಾರೆ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಒತ್ತಿ ಹಣ ಕಳೆದುಕೊಂಡವರು ನಮ್ಮ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಂಡ್ರಾಯ್ಡ್ 13ರಿಂದ ಹೀಗೆ ಹೊರಗಿಂದ ಬಂದ ಆ್ಯಪ್‌ಗೆ ಆಕ್ಸೆಸಿಬಿಲಿಟಿಯಂಥ (ಪರದೆ ಓದಿ, ನಮ್ಮ ಬದಲು ಒತ್ತಬಲ್ಲ) ದೊಡ್ಡ ಅಧಿಕಾರ ಸುಲಭಕ್ಕೆ ಸಿಗುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಬೇಕೆಂದೇ ಬಿಡಬೇಕು. ಇದು ನನಗೆ ಇಷ್ಟವಾದ ಬೀಗ. ಗಟ್ಟಿ ಇದೆ, ಕೀಲಿ ಫೋನಿನ ಯಜಮಾನರ ಹತ್ತಿರವೇ ಇದೆ. ಒಂದು ಆ್ಯಪಿನ ಡೇಟಾ ಇನ್ನೊಂದು ಮುಟ್ಟದಂತೆ ಕಾಯುವುದರಲ್ಲಿ ಮೂರೂ ಚೆನ್ನಾಗಿವೆ, ಅಲ್ಲಿ ಹೋಲಿಸುವುದಕ್ಕೆ ಜಾಸ್ತಿ ಏನಿಲ್ಲ.

ನನಗೆ ಅತಿ ಹಿಡಿಸಿದ್ದು ಗ್ರಾಫೀನ್‌ಒಎಸ್. ಕೋಡ್ ತೆರೆದದ್ದು ಎಂದ ಮೇಲೆ ರೂಟ್, ಅಂದರೆ ಫೋನಿನ ಪೂರ್ತಿ ಅಧಿಕಾರ, ಕೊಡುತ್ತಾರೆ ಅಂದುಕೊಂಡರೆ ಇಲ್ಲ, ಸಾಮಾನ್ಯ ಆಂಡ್ರಾಯ್ಡ್‌ಗಿಂತ ಇದೇ ಬಿಗಿ. ಹಾಕುವಾಗ ಬೂಟ್‌ಲೋಡರ್ (ಫೋನ್ ಆನ್ ಆದಾಗ ವ್ಯವಸ್ಥೆಯನ್ನು ಶುರು ಮಾಡುವ ಪ್ರೋಗ್ರಾಮ್) ಲಾಕ್ ತೆರೆದರೆ ಫೋನಿನ ಡೇಟಾ ಎಲ್ಲ ಅಳಿಯುತ್ತದೆ. ಹಾಕಿದ ಮೇಲೆ ಅದನ್ನು ಮತ್ತೆ ಲಾಕ್ ಮಾಡಬಹುದು. ಸಾಮಾನ್ಯ ಆಂಡ್ರಾಯ್ಡ್‌ನಲ್ಲಿ ಇಂಟರ್‌ನೆಟ್ ಪರ್ಮಿಷನ್ ಫೋನಿನ ಯಜಮಾನರನ್ನು ಕೇಳದೆಯೇ ಆ್ಯಪ್‌ಗೆ ಸಿಗುತ್ತದೆ. ಇಲ್ಲಿ ಪ್ರತಿ ಆ್ಯಪ್‌ಗೂ ನೆಟ್‌ವರ್ಕ್ ಸ್ವಿಚ್ ಇದೆ. ಅದನ್ನು ಆಫ್ ಮಾಡಿ, ನನ್ನ ಆ್ಯಪ್ ಆಗಲೂ ತೂಕ ಬರೆದುಕೊಳ್ಳುವುದನ್ನು ಕುಯ್ಯುವವರ ಎದುರಿಗೇ ತೋರಿಸಬಹುದು. ಅವರ ಹೆಸರು, ಕೂಲಿ ಎಲ್ಲ ಅದರಲ್ಲಿದೆ. ಅದು ಎಲ್ಲೂ ಹೋಗುವುದಿಲ್ಲ ಅಂತ ಬಾಯಲ್ಲಿ ಹೇಳುವುದಕ್ಕೂ ಕಣ್ಣಿಗೆ ಕಾಣಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕೊರತೆಯೂ ಇದೆ. ಇದು ಓಡುವುದು ಪಿಕ್ಸೆಲ್‌ನಲ್ಲಿ ಮಾತ್ರ, ರೈಟರ್ ಕೈಯಲ್ಲಿ ಇರುವುದು ಸಾಮಾನ್ಯ ಬಜೆಟ್ ಫೋನ್. ಫೋನಿನ ವ್ಯವಸ್ಥೆ ತಾನು ಒಪ್ಪಿದ್ದೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯನ್ನು ಪೂರ್ತಿ ನೆಚ್ಚಿಕೊಂಡ ಆ್ಯಪ್‌ಗಳು ಇದನ್ನು ಒಪ್ಪುವುದಿಲ್ಲ. ಬ್ಯಾಂಕ್ ಆ್ಯಪ್ ಇರಬೇಕಾದ ಫೋನಿಗೆ ಹಾಕುವ ಮುಂಚೆ ಅದನ್ನು ನೋಡಿಕೊಳ್ಳಿ.

ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಹೊಸ ನಿಯಮ ಈಗ ನನ್ನ ಚಿಂತೆ. ಸ್ಟೋರ್ ಹೊರಗಿನ ಆ್ಯಪ್ ಆದರೂ ಬರೆದವರು ಗುರುತು ಕೊಟ್ಟು ನೋಂದಾಯಿಸಿರಬೇಕು ಎನ್ನುತ್ತದೆ ಅದು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಿಂದ ಶುರು, ಆಮೇಲೆ ಉಳಿದ ದೇಶಗಳು ಎಂಬುದು ಪ್ರಕಟಣೆ. ಮೋಸದ ಎಪಿಕೆ ತಡೆಯಬೇಕು ಎಂಬ ಕಾರಣ ಒಪ್ಪುವಂಥದ್ದೇ. ಆದರೆ ನನ್ನೂರಿನ ನಾಲ್ಕು ತೋಟಕ್ಕೆ ಬರೆದ ಆ್ಯಪ್‌ಗೂ ದೂರದ ಕಂಪನಿಯಲ್ಲಿ ಹೆಸರು ಬರೆಸಬೇಕು ಅನ್ನುವುದು ಸರಿ ಕಾಣುವುದಿಲ್ಲ.

ಸದ್ಯಕ್ಕೆ ತಕ್ಕಡಿ ಪಕ್ಕಕ್ಕೆ ಸಾಮಾನ್ಯ ಆಂಡ್ರಾಯ್ಡ್ ಇರಲಿ, ಆವೃತ್ತಿ 12 ಅಥವಾ ಅದರ ಮೇಲಿನದು. ನಾನು ಕೋಡ್ ಬರೆದು ಪರೀಕ್ಷಿಸುವ ಫೋನಿನಲ್ಲಿ ಗ್ರಾಫೀನ್‌ಒಎಸ್ ಇರುತ್ತದೆ. ಮುಂದಿನ ಕೊಯ್ಲಿಗೆ ಎಚ್‌ಸಿ-05 ತೆಗೆದು ಇಎಸ್‌ಪಿ32 ಎಂಬ ಚಿಪ್ ಹಾಕುತ್ತೇನೆ. ಅದರಲ್ಲಿ ಲೋ ಎನರ್ಜಿ ಬ್ಲೂಟೂತ್ ಇರುವುದರಿಂದ ತೂಕ ಐಫೋನ್‌ಗೂ ಕಾಣಿಸುತ್ತದೆ.