ಎಂಪಿ ಟ್ರ್ಯಾಕ್: ಹಾಜರಾತಿ ಬಿಡಿ, ಸಚಿವಾಲಯದ ಕಾಲಂ ನೋಡಿ

ನಮ್ಮ ಸಂಸದರು ಅಡಿಕೆಗೋ ಕಾಫಿಗೋ ಸಕ್ಕರೆ ಕಾರ್ಖಾನೆಗೋ ಏನು ಮಾಡಿದ್ದಾರೆ ಎಂದು ತಿಳಿಯಲು ದೆಹಲಿಯ ಸಂಶೋಧನಾ ಸಂಸ್ಥೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ತನ್ನ ಜಾಲತಾಣದಲ್ಲಿ ನಡೆಸುವ ‘ಎಂಪಿ ಟ್ರ್ಯಾಕ್’ ತುಂಬ ಒಳ್ಳೆಯ ಉಚಿತ ಸೇವೆ. ಹಾಜರಾತಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆ (ಸಚಿವರಲ್ಲದ ಸಂಸದರು ಮಂಡಿಸುವಂಥದ್ದು) ನಾಲ್ಕೂ ಒಂದೇ ಪುಟದಲ್ಲಿವೆ. ಪಕ್ಕದಲ್ಲೇ ರಾಷ್ಟ್ರೀಯ ಮತ್ತು ರಾಜ್ಯ ಸರಾಸರಿ. ಚುನಾವಣೆ ಬಂದರೆ ಸುದ್ದಿಯಾಗುವುದು ಹಾಜರಾತಿ. ಬೆಳೆಗಾರರಿಗೆ, ವರ್ತಕರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ನೇರವಾಗಿ ಪ್ರಶ್ನೆಗಳ ಪಟ್ಟಿಗೆ ಇಳಿಯಿರಿ. ಅಲ್ಲಿ ಸಚಿವಾಲಯದ ಕಾಲಂ ಇದೆ. ಎಡವುವುದೂ ಅಲ್ಲೇ. ಕಾಫಿ ಮಂಡಳಿ, ತಂಬಾಕು ಮಂಡಳಿ ಎರಡೂ ಕೃಷಿ ಸಚಿವಾಲಯದಲ್ಲಿಲ್ಲ, ವಾಣಿಜ್ಯದಲ್ಲಿವೆ. ರೇಷ್ಮೆ ಮಂಡಳಿ ಜವಳಿಯಡಿ ಬರುತ್ತದೆ. ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ಬೆಳೆಗಾರರಿಗೆ ಕೊಡಲೇಬೇಕಾದ ಕನಿಷ್ಠ ದರ) ಪ್ರಶ್ನೆಗೆ ಉತ್ತರಿಸುವುದು ಆಹಾರ ಮತ್ತು ಗ್ರಾಹಕ ವ್ಯವಹಾರ ಸಚಿವಾಲಯ. ಅಡಿಕೆಯಂತೂ ಎರಡು ಕಡೆ ಹಂಚಿಹೋಗಿದೆ: ಹಳದಿ ಎಲೆ ರೋಗ ಕೃಷಿಗೆ, ಆಮದು ವಾಣಿಜ್ಯಕ್ಕೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ. ಅದಕ್ಕೆ ಮಸೂದೆಯೂ ಇಲ್ಲ, ಮತದಾನವೂ ಇಲ್ಲ. ಇಂಥ ವಿಷಯದಲ್ಲಿ ಸಂಸದರು ಸದನದಲ್ಲಿ ಎತ್ತಿದ ಪ್ರಶ್ನೆ, ಆಡಿದ ಮಾತು ಇವೇ ದಾಖಲೆ.

ಸಂಖ್ಯೆ ನೋಡಿ ಹಿಗ್ಗಬೇಡಿ, ಬೈಯಲೂಬೇಡಿ. ಲೋಕಸಭೆಯಲ್ಲಿ ದಿನಕ್ಕೆ ಪಟ್ಟಿಗೆ ಸೇರುವುದು 20 ಚುಕ್ಕೆ ಗುರುತಿನ (ಸದನದಲ್ಲಿ ಬಾಯ್ಮಾತಿನ ಉತ್ತರದ) ಮತ್ತು 230 ಚುಕ್ಕೆ ರಹಿತ (ಲಿಖಿತ ಉತ್ತರದ) ಪ್ರಶ್ನೆಗಳು. ಸರದಿ ನಿರ್ಧಾರವಾಗುವುದು ಚೀಟಿ ಎತ್ತಿ. ಒಂದೇ ಪ್ರಶ್ನೆಗೆ ಹಲವರ ಹೆಸರು ಸೇರಿಸುವುದೂ ಉಂಟು. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಹಾಜರಿಗೆ ಸಹಿ ಹಾಕುವುದಿಲ್ಲ. ಅವರ ಖಾಲಿ ಅಂಕಣ ಸೋಮಾರಿತನವಲ್ಲ.

ಖಾಸಗಿ ಮಸೂದೆಗಳಿಂದ ಸಂಸದರ ಒಲವು ತಿಳಿಯುತ್ತದೆ, ಅಷ್ಟೇ. ಸ್ವಾತಂತ್ರ್ಯಾನಂತರ ಕಾನೂನಾದವು 14 ಮಾತ್ರ, ಕೊನೆಯದು 1970ರಲ್ಲಿ. ಹಾಗಾಗಿ ಯಾರಾದರೂ ಬೆಳೆಗೊಂದು ಮಸೂದೆ ಮಂಡಿಸಿದರೆಂದು ಮಾರುಕಟ್ಟೆ ಲೆಕ್ಕಾಚಾರ ಬದಲಿಸಬೇಕಿಲ್ಲ.

ದೊಡ್ಡ ಕೊರತೆ ಮತದಾನದ್ದು: ಯಾವ ಮಸೂದೆಗೆ ಯಾರು ಹೌದೆಂದರು, ಯಾರು ಅಲ್ಲವೆಂದರು ಎಂಬುದು ಸಂಸದರ ಪುಟದಲ್ಲಿ ಸಿಗದು. ದೋಷ ಸೇವೆಯದಕ್ಕಿಂತ ಸದನದ್ದೇ ಹೆಚ್ಚು. ಬಹುತೇಕ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಎಪಿಎಂಸಿ ವರ್ತಕರ ಬದುಕನ್ನೇ ತಟ್ಟುವಂತಿದ್ದ ಕೃಷಿ ಮಸೂದೆಗಳನ್ನು 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆ ಅಂಗೀಕರಿಸಿದ್ದೂ ಹಾಗೆಯೇ. ವಿರೋಧ ಪಕ್ಷಗಳು ವಿಭಜನೆ, ಅಂದರೆ ಮತ ಎಣಿಸಿ ದಾಖಲಿಸುವ ಮತದಾನ ಕೇಳಿದ್ದವು, ಕೊಡಲಿಲ್ಲ. ಇದು ನಾಗರಿಕರಿಗೆ ನಿಜವಾದ ನಷ್ಟ. ಸಂವಿಧಾನ ತಿದ್ದುಪಡಿ ಮಸೂದೆಗಾದರೆ ವಿಭಜನೆ ಕಡ್ಡಾಯ. ಅದರ ಲೆಕ್ಕ ಸದನದ ಕಲಾಪ ವರದಿಯಲ್ಲಿರುತ್ತದೆ. ಅಲ್ಲಿಯೂ ಎಚ್ಚರ ಬೇಕು. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ) ಇದ್ದ ಮತ ಪಕ್ಷದ್ದು, ಸದಸ್ಯರದ್ದಲ್ಲ. 2016ರ ಆಗಸ್ಟ್ 3ರಂದು ಜಿಎಸ್‌ಟಿ ತಿದ್ದುಪಡಿಗೆ ರಾಜ್ಯಸಭೆಯಲ್ಲಿ 203 ಮತ, ವಿರುದ್ಧ ಸೊನ್ನೆ. ತಯಾರಿಕಾ ರಾಜ್ಯವಾದ ತಮಿಳುನಾಡಿನ ವರಮಾನ ಕುಸಿಯುತ್ತದೆಂದು ಎಐಎಡಿಎಂಕೆ ಸಭಾತ್ಯಾಗ ಮಾಡಿದ್ದು ಆ ಅಂಕಿಯಲ್ಲಿ ಕಾಣದು. ಚರ್ಚೆಯ ಪಠ್ಯವನ್ನೇ ಓದಬೇಕು.

ಬಳಸುವ ಮುನ್ನ ಒಂದು ಮಾತು: ಶೀರ್ಷಿಕೆಗಳು ಇಂಗ್ಲಿಷಿನಲ್ಲಿವೆ. ‘ಅರೆಕಾನಟ್’ ಸಿಗದಿದ್ದರೆ ‘ಬೀಟಲ್ ನಟ್’ ಎಂದೂ ಹುಡುಕಿ. ಸಚಿವರ ಪೂರ್ಣ ಉತ್ತರವನ್ನು ಸಂಸತ್ತಿನ ಜಾಲತಾಣದಲ್ಲಿ ತೆರೆದು, ಕೊನೆಯ ಅನುಬಂಧದ ಕೋಷ್ಟಕದವರೆಗೂ ಓದಿ. ಜಿಲ್ಲಾವಾರು, ರಾಜ್ಯವಾರು ಅಂಕಿಗಳಿದ್ದರೆ ಅಲ್ಲೇ ಇರುತ್ತವೆ.