ಮೆಕ್‌ಲೌಡ್: ಕೊಡಗಿನ ಸೈಕಲ್ ಟ್ರೇಲಿಗೆ ಎಷ್ಟು ಒದಗುತ್ತದೆ?

ಗುದ್ದಲಿ, ಪಿಕಾಸಿ, ಕತ್ತಿ. ಕೊಡಗಿನ ಯಾವ ತೋಟಕ್ಕೆ ಹೋದರೂ ಈ ಮೂರು ಇರುತ್ತವೆ. ಮೌಂಟನ್ ಬೈಕ್ ಟ್ರೇಲಿನ, ಅಂದರೆ ಗುಡ್ಡದಲ್ಲಿ ಸೈಕಲ್ ಓಡಿಸುವ ಕಿರುಹಾದಿಯ, ಮುಕ್ಕಾಲು ಕೆಲಸ ಇವುಗಳಲ್ಲೇ ಮುಗಿಯುತ್ತದೆ, ಉಳಿದ ಕಾಲು ಭಾಗಕ್ಕೆ ಮೆಕ್‌ಲೌಡ್ ಎಂಬ ಅಮೆರಿಕದ ಕೈಹತ್ಯಾರು ಬೇಕು. ಹೊಸ ಟ್ರೇಲ್ ಕಡಿಯುವವರಿಗಿಂತ, ಇರುವ ಟ್ರೇಲನ್ನು ಮಳೆಗಾಲ ದಾಟಿಸಿ ಉಳಿಸಿಕೊಳ್ಳಬೇಕಾದವರಿಗೆ ಅದರ ಉಪಯೋಗ ಜಾಸ್ತಿ. ಗುದ್ದಲಿಗೆ ಬದಲಿ ಅಂತ ತರಿಸಿಕೊಂಡರೆ ಮಾತ್ರ ದುಡ್ಡು ದಂಡ.

ನೋಡಲು ಸಾದಾ ಸಾಮಾನು. ಸುಮಾರು 25 ಸೆಂ.ಮೀ. ಅಗಲದ ಉಕ್ಕಿನ ತಗಡು, ಒಂದು ಅಂಚಿಗೆ ಗುದ್ದಲಿಯಂಥ ಬಾಯಿ, ಎದುರಂಚಿಗೆ ಐದಾರು ದಪ್ಪ ಹಲ್ಲು, ನಡುವೆ ನಾಲ್ಕರಿಂದ ಐದಡಿ ಕಾವು. ತೂಕ ಎರಡೂವರೆ ಕೆಜಿ ಆಸುಪಾಸು. 1905ರಲ್ಲಿ ಅಮೆರಿಕದ ಸಿಯೆರಾ ರಾಷ್ಟ್ರೀಯ ಅರಣ್ಯದ ರೇಂಜರ್ ಮಾಲ್ಕಮ್ ಮೆಕ್‌ಲೌಡ್ ಇದನ್ನು ರೂಪಿಸಿದ್ದು ಬೆಂಕಿ ರೇಖೆ, ಅಂದರೆ ಕಾಡ್ಗಿಚ್ಚು ದಾಟದ ಹಾಗೆ ಬರಿದು ಮಾಡಿದ ನೆಲದ ಪಟ್ಟಿ, ಕೆರೆಯಲು: ಹಲ್ಲಿನಿಂದ ತರಗೆಲೆ ಎಳೆಯುವುದು, ತಿರುಗಿಸಿ ಬಾಯಿಯಿಂದ ಪೊದೆ ಕೊಚ್ಚುವುದು. ಟ್ರೇಲ್ ಮಾಡುವವರಿಗೆ ಇದರ ಮೂರನೆಯ ಕೆಲಸವೇ ಮುಖ್ಯ. ಕಾವನ್ನು ನೆಟ್ಟಗೆ ಹಿಡಿದು ತಗಡಿನ ಅಡಿಯಿಂದ ಮಣ್ಣು ಕುಟ್ಟಿದರೆ ಅದೇ ಒಂದು ಪುಟ್ಟ ದಮ್ಮಸು. ಕೊಟ್ಟ ದುಡ್ಡು ಗಿಟ್ಟುವುದು ಇಲ್ಲಿ.

ಯಾಕೆ ಅಂದರೆ ಮಳೆ. ಗುಡ್ಡದ ಮಗ್ಗುಲು ಕೊರೆದು ಮಾಡಿದ 60 ಸೆಂ.ಮೀ. ಹಾದಿ ಹೊರಕ್ಕೆ, ಅಂದರೆ ಇಳಿಜಾರಿನ ಕಡೆಗೆ, ಸುಮಾರು 5% ವಾಲಿರಬೇಕು. ಆಗ ಬಿದ್ದ ನೀರು ತೆಳುವಾಗಿ ಹರಡಿ ಅಡ್ಡಕ್ಕೆ ದಾಟಿಹೋಗುತ್ತದೆ. ಒಂದು ಸೀಸನ್ ಸೈಕಲ್ ಓಡಿದ ಮೇಲೆ ನಡುಭಾಗ ಟೈರಿನಡಿ ತಗ್ಗಾಗುತ್ತದೆ. ಪಕ್ಕಕ್ಕೆ ಸರಿದ ಮಣ್ಣು ಹೊರ ಅಂಚಿನಲ್ಲಿ ಗದ್ದೆ ಬದುವಿನ ಹಾಗೆ ಏರಿ ಕೂರುತ್ತದೆ, ಅದರ ಮೇಲೆ ಹುಲ್ಲು ಬೇರುಬಿಡುತ್ತದೆ. ನಾಲ್ಕು ಬೆರಳು ಎತ್ತರದ ಬದು ಸಾಕು, ಜುಲೈ ಮಳೆಯ ನೀರು ಹೊರಬೀಳಲು ಜಾಗವಿಲ್ಲದೆ ಹಾದಿಯುದ್ದಕ್ಕೂ ಓಡಿ ಕೆಂಪು ಮಣ್ಣನ್ನು ಕೊರೆದು ಕಾಲುವೆ ಮಾಡುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿದ ಜಿಲ್ಲೆ ಇದು. ನೀರನ್ನು ಹೀಗೆ ಒಂದೇ ಕಡೆ ಕೂಡಿಸಿ ಇಳಿಜಾರಿಗೆ ಬಿಡುವುದು ತೋಟದವರು ಸುಮ್ಮನೆ ನೋಡಿಕೊಂಡಿರುವ ವಿಷಯ ಅಲ್ಲ.

ಈ ಬದು ತೆಗೆಯುವುದರಲ್ಲಿ ಮೆಕ್‌ಲೌಡಿಗೆ ಸಾಟಿಯಿಲ್ಲ. ಮೊದಲು ಬಾಯಿಯಿಂದ ಹುಲ್ಲನ್ನು ಬೇರು ಸಮೇತ ಕೆತ್ತಿ ಕೆಳಕ್ಕೆ ಎಸೆಯಬೇಕು. ಬೇರು, ಕೊಳೆತ ಎಲೆ ಬೆರೆತ ಕಪ್ಪು ಮಣ್ಣು ಹಾದಿಗೆ ಸೇರಿದರೆ ನೀರು ಹೀರಿಕೊಂಡು ಕೆಸರಾಗುವುದು ಖಂಡಿತ. ಆಮೇಲೆ ತಗ್ಗಿನ ತಳವನ್ನು ಹಲ್ಲಿನಿಂದ ಗೀರಿ ಒರಟು ಮಾಡಿ, ಬದುವಿನಡಿಯ ಒಳ್ಳೆ ಕೆಂಪು ಮಣ್ಣನ್ನು ಅದರೊಳಕ್ಕೆ ಎಳೆದು ತುಂಬಿ ಕುಟ್ಟಬೇಕು. ಗೀರದೆ ತುಂಬಿದರೆ ಹೊಸ ಮಣ್ಣು ಹಳೆಯದಕ್ಕೆ ಕಚ್ಚಿಕೊಳ್ಳುವುದಿಲ್ಲ, ವಾರದೊಳಗೆ ಹಪ್ಪಳದ ಹಾಗೆ ಎದ್ದುಬರುತ್ತದೆ. ತಿರುವಿಗೆ ಮುಂಚೆ ಬ್ರೇಕ್ ಹಿಡಿಯುವ ಕಡೆ ಏಳುವ ಅಲೆಅಲೆ ಉಬ್ಬುಗಳಿಗೂ ಇದೇ ಮದ್ದು: ಗುಂಡಿಗೆ ಮಣ್ಣು ಸುರಿದರೆ ಅದು ಮೊದಲ ದಿನವೇ ಹಾರಿಹೋಗುತ್ತದೆ, ಉಬ್ಬು ತಗ್ಗು ಎರಡನ್ನೂ ಕೆತ್ತಿ ಸಡಿಲಿಸಿ ಒಟ್ಟಿಗೆ ಕುಟ್ಟಬೇಕು.

ವಾಲಿಕೆ ನೋಡಲು ಗಾರೆ ಕೆಲಸದವರ ಎರಡಡಿ ರಸಮಟ್ಟ ಸಾಕು. ಹಾದಿಗೆ ಅಡ್ಡಕ್ಕೆ ಇಟ್ಟು, ಒಳತುದಿ ನೆಲಕ್ಕೆ ತಾಗಿಸಿ, ಗುಳ್ಳೆ ನಡುವಿಗೆ ಬಂದಾಗ ಹೊರತುದಿಯ ಕೆಳಗೆ 3 ಸೆಂ.ಮೀ. ಸಂದು ಇದ್ದರೆ ಅದು 5%. ಓಡಾಡಿದ ಮೇಲೆ ಸ್ವಲ್ಪ ಕಮ್ಮಿಯಾಗುವುದರಿಂದ 4 ಸೆಂ.ಮೀ. ಬಿಟ್ಟರೂ ತಪ್ಪಿಲ್ಲ.

ಇಷ್ಟು ಮಾಡಿಯೂ ಅದೇ ಜಾಗ ಪ್ರತಿವರ್ಷ ಕಿತ್ತುಹೋದರೆ ಹಾದಿ ಎಳೆದ ಗೆರೆಯೇ ತಪ್ಪು. ಹಾದಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು, ಒಟ್ಟು ಸರಾಸರಿ 10%ರೊಳಗೆ ಇರಬೇಕು, ಹತ್ತು ಹದಿನೈದು ಮೀಟರಿಗೊಮ್ಮೆ ಸ್ವಲ್ಪ ಏರು ಕೊಟ್ಟು ನೀರನ್ನು ಹೊರಗೆ ಹಾಕಬೇಕು. ಇದನ್ನು ಯಾವ ಹತ್ಯಾರೂ ಸರಿಮಾಡುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ತಗಡಿನ ಅಡಿಭಾಗ. ಕೆಲವು ಮಾದರಿಗಳಲ್ಲಿ ಕಾವನ್ನು ಬೋಲ್ಟ್ ಹಾಕಿ ಬಿಗಿದು, ಅದರ ತಲೆ ಅಥವಾ ನಟ್ಟು ಅಡಿಯಲ್ಲಿ ಉಬ್ಬಿಕೊಂಡಿರುತ್ತದೆ. ಬೆಂಕಿ ರೇಖೆ ಕೆರೆಯಲು ಅದರಿಂದ ತೊಂದರೆಯಿಲ್ಲ. ಹಾದಿ ಕುಟ್ಟಲು ಹೋದರೆ ಪ್ರತಿ ಏಟಿಗೂ ರೂಪಾಯಿ ನಾಣ್ಯದಷ್ಟು ಕುಳಿ ಬೀಳುತ್ತದೆ, ಕುಳಿಯಲ್ಲಿ ನೀರು ನಿಲ್ಲುತ್ತದೆ. ಆನ್‌ಲೈನ್ ಫೋಟೊಗಳು ಹೆಚ್ಚಾಗಿ ಮೇಲಿನಿಂದ ತೆಗೆದವು. ಅಡಿಯ ಫೋಟೊ ಕೇಳಿ ತರಿಸಿಕೊಂಡೇ ಆರ್ಡರ್ ಮಾಡಿ. ಅಡಿ ಸಪಾಟಾಗಿದ್ದು, ಕಾವು ಕೂರುವ ಕೊಳವೆ ಮೇಲಿನಿಂದ ವೆಲ್ಡ್ ಆಗಿರುವುದೇ ನಮಗೆ ಬೇಕಾದದ್ದು. ಬೋಲ್ಟಿನದ್ದಕ್ಕೆ ಒಂದು ಅನುಕೂಲ ಇದೆ, ಕಾವು ಕಳಚಿ ತಗಡನ್ನು ಬ್ಯಾಗಿಗೆ ಹಾಕಬಹುದು. ಆದರೆ ಕುಟ್ಟಿ ಕುಟ್ಟಿ ನಟ್ಟು ಸಡಿಲವಾಗುತ್ತದೆ, ಸ್ಪ್ಯಾನರ್ ಜೇಬಲ್ಲೇ ಇಟ್ಟುಕೊಳ್ಳಬೇಕು.

ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಗುದ್ದಲಿಯ ಹಲವು ಪಟ್ಟು ಬೀಳುತ್ತದೆ. ಅಷ್ಟು ಕೊಡುವ ಮುಂಚೆ ವೆಲ್ಡಿಂಗ್ ಅಂಗಡಿಗೊಮ್ಮೆ ಹೋಗಿಬರಬಹುದು. 4 ಮಿ.ಮೀ. ದಪ್ಪದ 25×25 ಸೆಂ.ಮೀ. ತಗಡು ಸುಮಾರು ಎರಡು ಕೆಜಿ ತೂಗುತ್ತದೆ, ಹಲ್ಲು ಕತ್ತರಿಸಿ ಕೊಳವೆ ಕೂರಿಸಿದ ಮೇಲೂ ಹೆಚ್ಚುಕಡಿಮೆ ಅಷ್ಟೇ. 3 ಮಿ.ಮೀ. ಆದರೆ ಹಲ್ಲು ಬೇರಿಗೆ ಸಿಕ್ಕಿ ಬಾಗುತ್ತದೆ, 5 ಮಿ.ಮೀ. ಗಟ್ಟಿ, ಆದರೆ ಮಧ್ಯಾಹ್ನದೊಳಗೆ ಭುಜ ಬಿದ್ದುಹೋಗುತ್ತದೆ. ಸಾದಾ ಕಬ್ಬಿಣದ ಬಾಯಿ ಬೇಗ ಮೊಂಡಾಗುತ್ತದೆ ಅನ್ನುವುದು ನಿಜ, ಅರ ಹಾಕಿ ಉಜ್ಜಿಕೊಳ್ಳುವ ತಾಳ್ಮೆ ಇದ್ದರೆ ಸಾಕು. ಗುದ್ದಲಿಯ ಗಿಡ್ಡ ಕಾವು ಇದಕ್ಕೆ ಹಾಕಬೇಡಿ, ಬೆನ್ನು ಬಗ್ಗಿಸಿ ಕುಟ್ಟಬೇಕಾಗುತ್ತದೆ.

ಆಗದ ಕೆಲಸಗಳೂ ಇವೆ. ಗಟ್ಟಿ ನೆಲ ಅಗೆಯಲು ಇದು ನಾಲಾಯಕ್ಕು; ಅಗಲ ಬಾಯಿ ನೆಲಕ್ಕೆ ಇಳಿಯದೆ ಪುಟಿಯುತ್ತದೆ, ಮಣಿಕಟ್ಟು ನೋಯುತ್ತದೆ. ಕಲ್ಲು ಮೀಟಿದರೆ ಕೊಳವೆಯ ಬುಡದಲ್ಲಿ ವೆಲ್ಡ್ ಬಿಡುತ್ತದೆ. ಸಿಲ್ವರ್ ಓಕ್‌ನ ಸೀಳುಸೀಳು ಎಲೆ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುವುದರಿಂದ ತರಗು ಗುಡಿಸಲು ಕಡ್ಡಿ ಪೊರಕೆಯೇ ವಾಸಿ. ಜೋರು ಮಳೆಯಲ್ಲಂತೂ ಹೊರತೆಗೆಯುವುದೇ ಬೇಡ: ಜೇಡಿ ಮಣ್ಣು ತಗಡಿಗೆ ಮೆತ್ತಿಕೊಂಡು ಎರಡೂವರೆ ಕೆಜಿಯದ್ದು ನಾಲ್ಕು ಕೆಜಿ ಆಗುತ್ತದೆ, ಕುಟ್ಟಿದಷ್ಟೂ ಮಣ್ಣು ಮೇಲೆದ್ದು ಬರುತ್ತದೆ. ಇದರ ಜೊತೆ ಪುಲಾಸ್ಕಿಯನ್ನೂ ತರಿಸಿ ಅಂತ ಹೇಳುವವರು ಸಿಗುತ್ತಾರೆ. ಒಂದು ಕಡೆ ಕೊಡಲಿ, ಒಂದು ಕಡೆ ಗುದ್ದಲಿ ಬಾಯಿ ಇರುವ ಹತ್ಯಾರು ಅದು. ಕತ್ತಿ, ಪಿಕಾಸಿ ಇರುವ ಮನೆಗೆ ಅದರ ಅಗತ್ಯ ಕಾಣುವುದಿಲ್ಲ.

ಮಣ್ಣು ಕುಟ್ಟಲು ಹದ ಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಕೈಗೆ ಕೆಸರು ಹತ್ತಬಾರದು. ಕೊಡಗಿನಲ್ಲಿ ಈ ಹದ ಸಿಗುವುದು ಮಳೆ ಹಿಂದೆ ಸರಿದ ಅಕ್ಟೋಬರ್, ನವೆಂಬರಿನಲ್ಲಿ. ಕಾಫಿ ಕೊಯ್ಲು ಬಿರುಸಾದರೆ ಆಮೇಲೆ ಆಳು ಸಿಗುವುದಿಲ್ಲ, ಹಾದಿಯಲ್ಲಿ ಚೀಲ ಹೊತ್ತವರು ಓಡಾಡುತ್ತಾರೆ. ಇನ್ನೊಂದು ಅವಕಾಶ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದ ಮರುದಿನಗಳು. ಒಣ ಏಪ್ರಿಲಿನಲ್ಲಿ ಕುಟ್ಟಿದರೆ ಧೂಳೇ ಗತಿ.

ಕೆತ್ತುವ ಮುಂಚೆ ಹಾದಿಯ ಕೆಳಗಿನ ತೊಟ್ಟಿಲು ಗುಂಡಿಗಳನ್ನು, ಅಂದರೆ ಮಳೆನೀರು ಇಂಗಲು ತೋಟದಲ್ಲಿ ತೋಡಿದ ಗುಂಡಿಗಳನ್ನು, ನೋಡಿಕೊಳ್ಳಿ. ಹೊರಬಿಟ್ಟ ನೀರು ಅವುಗಳಿಗೆ ಸೇರಿದರೆ ತೋಟಕ್ಕೂ ಲಾಭ. ಹೂಳು ತುಂಬಿದ ಗುಂಡಿ ಮಾತ್ರ ಉಕ್ಕಿ ಹಾದಿಯ ಅಂಚನ್ನೇ ಬುಡದಿಂದ ತಿನ್ನುತ್ತದೆ, ಹಾಗಾಗಿ ಗುಂಡಿ ಮೊದಲು, ಹಾದಿ ಆಮೇಲೆ. ಕಾಫಿ ಗಿಡದ ಆಹಾರ ಹೀರುವ ಬೇರು ಮೇಲ್ಮಣ್ಣಲ್ಲೇ ಹರಡಿರುತ್ತದೆ, ಗಿಡದ ಬುಡದಿಂದ ಮಣ್ಣು ಎಳೆದು ತರಬೇಡಿ.

ಕೆಳಗಿಡುವಾಗ ಹಲ್ಲು ನೆಲದ ಕಡೆ ಇರಲಿ, ಹೊತ್ತೊಯ್ಯುವಾಗ ಸೀಳಿದ ಹಳೆ ಟ್ಯೂಬನ್ನು ಹಲ್ಲಿಗೆ ಹಾಕಿ ಕಟ್ಟಿ. ನಾಲ್ಕು ಜನರ ತಂಡಕ್ಕೆ ಒಂದೇ ಮೆಕ್‌ಲೌಡ್ ಸಾಕು: ಒಂದು ಪಿಕಾಸಿ, ಎರಡು ಗುದ್ದಲಿ ಮುಂದೆ ಹೋಗಲಿ, ಇದು ಕೊನೆಗೆ ಬರಲಿ.