ದೂರದ ಹಂಚಿಕೆಯ ಬೋರ್ಡೋ, ಮೇಜಿನ ಮೇಲಿನ ಸ್ವಂತ ಬೋರ್ಡೋ?

ಆರ್ಮ್ ಅಥವಾ ರಿಸ್ಕ್-ಫೈವ್ ಪ್ರೊಸೆಸರ್‌ಗಳಿಗೆ ತಂತ್ರಾಂಶ ಬರೆಯುವ ಮಂಗಳೂರಿನ ವಿದ್ಯಾರ್ಥಿಗಳು ಹಾಗೂ ಸಣ್ಣ ತಂಡಗಳು, ಬೋರ್ಡನ್ನು (ಅಂಥ ಪ್ರೊಸೆಸರ್ ಇರುವ ಚಿಕ್ಕ ಕಂಪ್ಯೂಟರನ್ನು) ಆರಿಸುವಾಗ ತಮಗೆ ಬೇಕಿರುವುದು ಆ ತಂತ್ರಾಂಶದ ಪರೀಕ್ಷೆಯೋ ವೇಗದ ಅಳತೆಯೋ ಎಂಬುದನ್ನು ಮೊದಲು ನಿರ್ಧರಿಸಬೇಕು.

ಕೋಡ್ ಕಂಪೈಲ್ ಆಗಿ (ಯಂತ್ರಭಾಷೆಗೆ ಬದಲಾಗಿ) ಸರಿಯಾಗಿ ನಡೆಯುತ್ತದೆಯೇ ಎಂದು ತಿಳಿಯಲು, ಇಂಟರ್ನೆಟ್ ಮೂಲಕ ಹಲವರು ಹಂಚಿಕೊಂಡು ಬಳಸುವ ದೂರದ ಬೋರ್ಡ್ ಸಾಕು. ಜಿಸಿಸಿ ಕಂಪೈಲ್ ಫಾರ್ಮ್ ಎಂಬ ಯೋಜನೆ, ಮುಕ್ತ ತಂತ್ರಾಂಶ ರೂಪಿಸುವವರಿಗೆ ಹಲವು ಬಗೆಯ ಪ್ರೊಸೆಸರ್‌ಗಳ ಯಂತ್ರಗಳನ್ನು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಉಚಿತವಾಗಿ ಒದಗಿಸುತ್ತದೆ. ಅಷ್ಟನ್ನೂ ಕೊಂಡು ಇಟ್ಟುಕೊಳ್ಳುವುದು ಸಣ್ಣ ತಂಡದ ಕೈಗೆಟುಕುವ ಮಾತಲ್ಲ.

ಬೆಂಚ್‌ಮಾರ್ಕಿಂಗ್‌ನ, ಅಂದರೆ ವೇಗದ ಅಳತೆಯ, ವಿಚಾರ ಬೇರೆ. ಅದೇ ಹೊತ್ತಿಗೆ ಅದೇ ಬೋರ್ಡಿನಲ್ಲಿ ಇನ್ನೊಬ್ಬರ ಕೆಲಸವೂ ನಡೆಯುತ್ತಿದ್ದರೆ ಕ್ಯಾಶ್ (ಪ್ರೊಸೆಸರ್‌ನ ಚಿಕ್ಕ, ವೇಗದ ಮೆಮೊರಿ) ಮತ್ತು ಮೆಮೊರಿ ಬ್ಯಾಂಡ್‌ವಿಡ್ತ್ (ಮೆಮೊರಿಯಿಂದ ದತ್ತಾಂಶ ಸಾಗುವ ಪ್ರಮಾಣ) ಹಂಚಿಹೋಗಿ, ಪ್ರತಿ ಸಲವೂ ಬೇರೆ ಬೇರೆ ಅಂಕಿ ಬರುತ್ತದೆ. ಒಬ್ಬರಿಗೇ ಸಮಯ ಕಾಯ್ದಿರಿಸುವ ವ್ಯವಸ್ಥೆಯಿಲ್ಲದ ಬೋರ್ಡಿನ ಅಂಕಿಗಳನ್ನು ನಾನಂತೂ ನಂಬುವುದಿಲ್ಲ. ಹಾಗೆಂದು ಸ್ವಂತ ಬೋರ್ಡ್ ತಾನಾಗಿಯೇ ನಿಖರವಾಗಿರುವುದೂ ಇಲ್ಲ: ಚಿಪ್‌ನ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾಸ್ಪ್‌ಬೆರಿ ಪೈ 4 ಎಂಬ ಬೋರ್ಡ್ ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ, ಆದ್ದರಿಂದ ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಅಳೆಯುವುದು ವ್ಯರ್ಥ. ವಿದ್ಯುತ್ ಕೈಕೊಡುವ ಮಳೆಗಾಲಕ್ಕೆ ಯುಪಿಎಸ್ ಕೂಡ ಬೇಕು.

ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಥವಾ ಬೂಟ್‌ಲೋಡರ್ (ಅದನ್ನು ಶುರುಮಾಡುವ ತಂತ್ರಾಂಶ) ಬದಲಿಸುವವರು, ಬೋರ್ಡ್ ಶುರುವಾಗದೆ ನಿಂತುಬಿಡಬಹುದಾದ್ದರಿಂದ, ದೂರದ ಬೋರ್ಡನ್ನು ಆರಿಸುವ ಮುನ್ನ, ಅದಕ್ಕೆ ಸೀರಿಯಲ್ ಕನ್ಸೋಲ್ (ಬೋರ್ಡ್ ಶುರುವಾಗುವಾಗಿನ ಸಂದೇಶಗಳನ್ನು ನೋಡಿ ಆದೇಶ ಕೊಡಬಲ್ಲ ನೇರ ಸಂಪರ್ಕ) ಇದೆಯೇ, ದೂರದಿಂದಲೇ ವಿದ್ಯುತ್ ಕಡಿದು ಮತ್ತೆ ಕೊಡುವ ಅನುಕೂಲವಿದೆಯೇ ಎಂದು ಅಗತ್ಯವಾಗಿ ವಿಚಾರಿಸಿಕೊಳ್ಳಬೇಕು.